ಕೈಯಲ್ಲಿ ಒಂದು

ಗಾಜು ಸಾಣೆಚಕ್ರಕ್ಕೆ ತಾಗಿದಾಗಲೆಲ್ಲ ಏಳುವ ಕೀರಲು ಸದ್ದಿನೊಳಗೆ ಯಾರೋ ತನ್ನನ್ನು ಕರೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ದಿನವೂ ಅನ್ನಿಸುವುದೇ. ಇವತ್ತು ಮಾತ್ರ, ಕರೆಯುತ್ತಿರುವುದು ತನ್ನನ್ನೋ ಅಕ್ಕನನ್ನೋ ತಿಳಿಯದೆ ಕೈ ತಡೆದು ಕಿವಿಗೊಟ್ಟಳು. ಚಕ್ರದ ಮೇಲೆ ಸಣ್ಣಗೆ ಸುರಿಯುವ ನೀರು ಗಾಜಿನ ಪುಡಿಯನ್ನು ಹೊತ್ತು ಹಾಲಿನಂತೆ ತಟ್ಟೆಗೆ ಇಳಿಯುತ್ತಿತ್ತು. ಮೊಣಕೈವರೆಗೆ ಆ ಬಿಳಿ ಹತ್ತಿ ಒಣಗಿ ಚರ್ಮ ಬಿಗಿಯುತ್ತಿತ್ತು. ಕನ್ನಡಕದಂಗಡಿಯ ಹಿಂದಿನ ಈ ಕೋಣೆಗೆ ಕಿಟಕಿಯಿಲ್ಲ. ಅಂಗಡಿಗೂ ಕೋಣೆಗೂ ನಡುವೆ ಒಂದು ಪರದೆ. ಪರದೆಯ ಸಂದಿಯಿಂದ ಅವಳು ಗಿರಾಕಿಗಳನ್ನು ನೋಡುತ್ತಿದ್ದಳು, ಅವರು ಅವಳನ್ನು ನೋಡುತ್ತಿರಲಿಲ್ಲ. ಈ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದೇ ಅದು. ಮಧ್ಯಾಹ್ನ ಅಕ್ಕ ಬರುತ್ತಾಳೆ. ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಒಂದು ವೇಳೆ ಅಮ್ಮ ಹೊರಟರೆ. ಆ 'ಒಂದು ವೇಳೆ'ಯನ್ನು ಬೆಳಿಗ್ಗೆಯಿಂದ ಅವಳು ಮುರಿದ ಹಲ್ಲನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟಿ ನೋಡುವಂತೆ ಮುಟ್ಟುತ್ತಿದ್ದಳು.

ಪರದೆಯಾಚೆ ಒಬ್ಬ ಹೆಂಗಸಿನ ದನಿ ಏರಿತು. "ಏನ್ರೀ ಇದು, ನೆಲ ಎಲ್ಲ ಓರೆ ಕಾಣ್ತಿದೆ! ನಿಂತಲ್ಲೇ ಬೀಳೋ ಹಾಗಾಗುತ್ತೆ." ಮುಂದಿನ ಮೇಜಿನಲ್ಲಿ ಕೂರುವ ಮುದುಕನನ್ನು ಎಲ್ಲರೂ ಚಾಳೀಸು ಎನ್ನುತ್ತಿದ್ದರು. ಓದುವ ಕನ್ನಡಕ ಅವನ ಮೂಗಿನ ತುದಿಯಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ; ಅವನೂ ಆ ಹೆಸರಿಗೆ ಓಗೊಡುತ್ತಿದ್ದ. "ಹೊಸದಲ್ವೇನಮ್ಮ, ಎರಡು ದಿನ ಹಾಕ್ಕೊಳ್ಳಿ. ಆಮೇಲೆ ನೆಲಾನೇ ಸರಿಹೋಗುತ್ತೆ" ಎಂದ. ಹೆಂಗಸು ನಗಲಿಲ್ಲ. ಅವನು ಕನ್ನಡಕ ಹಿಡಿದು ಪರದೆ ಸರಿಸಿ ಬಂದ, ಗಾಜಿನ ಬಲ ಅಳೆಯುವ ಯಂತ್ರದ ಕೆಳಗೆ ಇಟ್ಟು ನೋಡಿದ, ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡ. "ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಒಳ್ಳೇ ಗಾಜೇ ಕಣಮ್ಮ, ಒಂದರಲ್ಲೂ ದೋಷ ಇಲ್ಲ. ಜಾಗ ಅದಲುಬದಲಾದ್ರೆ ಒಳ್ಳೇದೂ ಕುರುಡೇ." ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಹೆಂಗಸು ಅವನ ಹಿಂದೆಯೇ ಇಣುಕಿ, ಅವಳ ಬಿಳಿ ಹತ್ತಿದ ಕೈಗಳನ್ನು ನೋಡಿ, "ಇವಳಾ ಮಾಡೋದು? ಓದು ಬರಹ ಬರುತ್ತಾ ಇವಳಿಗೆ?" ಎಂದಳು, ಇವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಅಂಕಿ ಬರುತ್ತೆ ತಾಯಿ. ನಮಗೆ ಅಷ್ಟು ಸಾಕು" ಎಂದ ಚಾಳೀಸು. ಅವಳ ಪರವಾಗಿಯೇ ಹೇಳಿದ್ದ. ಆ ಮಾತು ಒಳಗೆ ಕೂತು ಕೊರೆಯತೊಡಗಿತು.

ಅಂಕಿ ಬರುತ್ತೆ. ಎಂಟು, ಆಮೇಲೆ ಹತ್ತು. ಆಮೇಲೆ ಹದಿನೆಂಟು, ಆಮೇಲೆ ಇಪ್ಪತ್ತು. ಹೊಸ ಗಾಜಿಗೆ ಮೂರು ಚುಕ್ಕೆ ಇಟ್ಟು ಅಡ್ಡಗೆರೆ ಗುರುತು ಮಾಡುತ್ತಲೇ ಅವಳು ನಿನ್ನೆ ಸಂಜೆ ಲ್ಯಾಪ್‌ಟಾಪಿನ ಪರದೆಯಲ್ಲಿ ಕಂಡದ್ದನ್ನು ಕಣ್ಣ ಮುಂದೆ ತಂದುಕೊಂಡಳು. ಬುಟ್ಟಿ ಹೊತ್ತ ಗೇಣುದ್ದದ ಮನುಷ್ಯ, ಮೇಲಿನಿಂದ ಬೀಳುವ ಹಣ್ಣು, ಹಣ್ಣಿಗೆ ಎಂಟು ಅಂಕ. ಒಂದು ಹಣ್ಣು ಹಿಡಿದರೆ ಎಂಟು, ಸರಿ. ಎರಡನೆಯದು ಹಿಡಿದರೆ ಹದಿನಾರಾಗಬೇಕು. ಮೂಲೆಯಲ್ಲಿ ಹತ್ತು ಎಂದು ಬರುತ್ತಿತ್ತು. ಆಟ ನಿಲ್ಲುತ್ತಿರಲಿಲ್ಲ. ಮನುಷ್ಯ ಓಡುತ್ತಿದ್ದ, ಹಣ್ಣು ಬೀಳುತ್ತಿತ್ತು, ಎಲ್ಲವೂ ನಿಜವಾದ ಡಬ್ಬಿಯಲ್ಲಿ ಹೇಗಿತ್ತೋ ಹಾಗೆಯೇ, ಲೆಕ್ಕ ಮಾತ್ರ ಎಲ್ಲೋ ಸೋರುತ್ತಿತ್ತು. ಆ ಡಬ್ಬಿ ಅಕ್ಕನದು. ಕೈಯಲ್ಲಿ ಹಿಡಿದು ಆಡುವ ಬೂದು ಬಣ್ಣದ ಆಟದ ಡಬ್ಬಿ, ಅಕ್ಕ ತರಗತಿಗೆ ಮೊದಲು ಬಂದ ವರ್ಷ ಯಾರೋ ಕೊಟ್ಟದ್ದು. "ಚಿಕ್ಕೋಳಿಗೆ ಮುಟ್ಟೋಕೆ ಬಿಡಬೇಡ, ಕೆಡಿಸ್ತಾಳೆ" ಎಂದು ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಹೇಳುತ್ತಿದ್ದಳು. ಅವಳು ಮುಟ್ಟಲಿಲ್ಲ. ಅಕ್ಕನ ಹೆಗಲ ಹಿಂದೆ ನಿಂತು ನೋಡಿದಳು, ಅಕ್ಕನ ಜಡೆಯ ವಾಸನೆಯೊಡನೆ ಆ ಆಟವನ್ನು ಬಾಯಿಪಾಠ ಮಾಡಿಕೊಂಡಳು. ಈಗ ಆ ಡಬ್ಬಿ ಎಲ್ಲಿದೆಯೋ. ಪ್ರೋಗ್ರಾಂ ಬರೆಯುವ ಭಾಷೆ ಕಲಿಯಬೇಕೆಂದರೆ ಹಳೆಯ ಆಟದ ಡಬ್ಬಿಯೊಂದರ ಎಮ್ಯುಲೇಟರ್ ಬರೆದು ನೋಡಿ ಎಂದು ಮೊಬೈಲಿನ ಪಾಠದಲ್ಲಿ ಒಬ್ಬಾತ ಹೇಳಿದಾಗ ಅವಳಿಗೆ ಬೇರೆ ಯಾವ ಯಂತ್ರವೂ ನೆನಪಿಗೆ ಬರಲಿಲ್ಲ.

ಎಮ್ಯುಲೇಟರ್ ಅಂದರೆ ವೇಷ. ಒಂದು ಯಂತ್ರಕ್ಕೆ ಇನ್ನೊಂದು ಯಂತ್ರದ ವೇಷ ಹಾಕಿಸುವುದು. ಸತ್ತುಹೋದ ಆ ಡಬ್ಬಿ ಯಾವ ಅಪ್ಪಣೆಗೆ ಏನು ಮಾಡುತ್ತಿತ್ತೋ ಅದನ್ನೆಲ್ಲ ಹೊಸ ಭಾಷೆಯಲ್ಲಿ ಒಂದೊಂದಾಗಿ ಬರೆಯಬೇಕು. ಆಗ ಆಟಕ್ಕೆ ತಾನು ಬೇರೆಯವರ ಮನೆಯಲ್ಲಿದ್ದೇನೆಂದು ಗೊತ್ತಾಗುವುದಿಲ್ಲ. ಹಳೆಯ ಯಂತ್ರದ ತಪ್ಪುಗಳಿದ್ದರೆ ಅವನ್ನೂ ನಕಲು ಮಾಡಬೇಕಂತೆ, ಯಾಕೆಂದರೆ ಆಟ ಆ ತಪ್ಪುಗಳನ್ನೇ ನಂಬಿಕೊಂಡಿರುತ್ತದೆ. ಇದನ್ನು ಓದಿದ ದಿನ ಅವಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದಳು. ಪಕ್ಕದ ಕೋಣೆಯಿಂದ ಅಮ್ಮ, "ದೊರೆ, ಬಂದ್ಯಾ?" ಎಂದು ಕೇಳಿದ್ದಳು. ದೊರೆ ಎಂದರೆ ಅಕ್ಕ. "ಬಂದೆ ಕಣೇ" ಎಂದು ಇವಳು ಅಕ್ಕನ ಗಂಟಲಿನಲ್ಲಿ ಉತ್ತರ ಕೊಟ್ಟಿದ್ದಳು.

ಮೊದಲ ಸಲ ಬೇಕೆಂದು ಮಾಡಿದ್ದಲ್ಲ. ಅಮ್ಮನಿಗೆ ದಿನಗಳು ಕಲಸಿಹೋಗತೊಡಗಿ ವರ್ಷವಾಗಿತ್ತು. ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಲು ಹೋಗಿ ದಾರವನ್ನು ಬಾಯಲ್ಲೇ ಅಗಿಯುತ್ತಿದ್ದಳು. ಆಮೇಲೊಂದು ದಿನ ತುತ್ತು ಬೇಡವೆಂದು ಬಾಯಿ ಬಿಗಿಹಿಡಿದಳು. "ನೀನ್ಯಾರೋ ಏನೋ. ನನ್ನ ದೊರೆ ಬರಲಿ, ಆಮೇಲೆ ತಿಂತೀನಿ." ಮರುದಿನವೂ ಹಾಗೆಯೇ. ಇವಳು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತು, ಕೂದಲನ್ನು ಅಕ್ಕ ಕಟ್ಟುವಂತೆ ಎತ್ತಿ ಕಟ್ಟಿ, ಹಿಮ್ಮಡಿ ಸದ್ದು ಮಾಡುತ್ತ ಒಳಗೆ ಬಂದಳು. "ಅಮ್ಮಾ, ಹೊಟ್ಟೆ ಹಸೀತಿದೆ ಕಣೇ, ನೀನೂ ತಿಂದಿಲ್ವಂತೆ?" ಅಮ್ಮನ ಮುಖ ದೀಪ ಹಾಕಿದಂತಾಯಿತು. ಇಡೀ ತಟ್ಟೆ ಖಾಲಿ ಮಾಡಿದಳು. ತಿನ್ನುತ್ತ ತಿನ್ನುತ್ತ, "ಆ ಕೈಲೊಂದು ನನಗೆ ಊಟಾನೇ ಹಾಕಲ್ಲ ಕಣೇ" ಎಂದು ದೂರು ಹೇಳಿದಳು. ಕೈಲೊಂದು ಎಂದರೆ ತಾನು. ತನ್ನ ಕೈಯಿಂದಲೇ ತುತ್ತು ತಿನ್ನುತ್ತ ತನ್ನ ಮೇಲೇ ಹೇಳಿದ ದೂರನ್ನು ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ಬರಬರುತ್ತ ಅದೇ ಸುಲಭವಾಯಿತು. ಅಕ್ಕನಾಗಿದ್ದರೆ ಅಮ್ಮ ಸ್ನಾನಕ್ಕೆ ಬರುತ್ತಿದ್ದಳು, ಔಷಧಿ ನುಂಗುತ್ತಿದ್ದಳು. ತಾನಾಗಿ ಆ ಮನೆಯಲ್ಲಿ ಇರಬೇಕಾದ ಹೊತ್ತು ಸಣ್ಣದಾಗುತ್ತ ಬಂತು. ಸಂಜೆ ಅಮ್ಮ ತೂಕಡಿಸುವಾಗ, ಲ್ಯಾಪ್‌ಟಾಪಿನ ಮುಂದೆ, ಅಷ್ಟು ಮಾತ್ರ. ಅಕ್ಕ ಫೋನಿನಲ್ಲಿ, "ನನ್ನ ಜ್ಞಾಪಕ ಇದೆಯೇನೇ ಅವಳಿಗೆ?" ಎಂದು ಕೇಳಿದಾಗ, "ದಿನಾ ನಿನ್ನದೇ ಜಪ" ಎಂದಳು. ಸುಳ್ಳೇನೂ ಅಲ್ಲ. ಸುಳ್ಳಾಗಿದ್ದರೆ ಯಾವತ್ತೋ ಒಪ್ಪಿಕೊಂಡು ಹಗುರಾಗಬಹುದಿತ್ತು.

ಕೈಲೊಂದು ಎಂಬುದು ಮೂರನೇ ತರಗತಿಯಲ್ಲಿ ಅಂಟಿದ್ದು. ಹಲಗೆಯ ಮುಂದೆ ಅವಳನ್ನು ನಿಲ್ಲಿಸಿ ಮೇಡಂ, "ಎಂಟೂ ಎಂಟೂ?" ಎಂದರು. "ಹದಿನಾರು." "ಆರು ಬರೆದು?" "ಕೈಲಿ ಒಂದು." "ಎಲ್ಲಿ, ತೋರಿಸು ನೋಡೋಣ." ಅವಳು ಸೀಮೆಸುಣ್ಣವನ್ನು ಎಡಗೈಗೆ ದಾಟಿಸಿ ಬಲಗೈ ಬಿಚ್ಚಿ ಹಿಡಿದಳು. ಅಲ್ಲಿ ಏನೋ ಇದೆಯೆಂದು ನಿಜವಾಗಿಯೂ ನಂಬಿದ್ದಳು. ತರಗತಿ ನಕ್ಕಿತು, ಮೇಡಂ ನಕ್ಕರು, ಕಿಟಕಿಯಾಚೆ ನೀರು ಕುಡಿಯಲು ಬಂದಿದ್ದ ಅಕ್ಕನೂ ನಕ್ಕು, ಮನೆಗೆ ಮುಂಚೆ ಓಡಿ ಅಮ್ಮನಿಗೆ ಹೇಳಿದಳು. ಅಪ್ಪ ಬಿಟ್ಟುಹೋದ ವರ್ಷ, ಏಳನೆಯದು ಮುಗಿದ ಮೇಲೆ, ಅಮ್ಮ ಕತ್ತರಿ ಕೆಳಗಿಡದೆ ಹೇಳಿದಳು: "ಇದರ ತಲೆಗೆ ಓದು ಹತ್ತಲ್ಲ. ಕೈಲೊಂದು ಕೈಲೊಂದು ಅಂತ ಇನ್ನೆಷ್ಟು ವರ್ಷ ಬೆಂಚು ಸವೆಸೋದು." ಅವಳು ನಂಬಿದಳು. ಅಂಗೈ ಬಿಚ್ಚಿ ತೋರಿಸಿದವಳಲ್ಲವೇ. ಅಂದಿನಿಂದ ರವಿಕೆಗಳಿಗೆ ಕೊಕ್ಕೆ, ಗುಂಡಿ. ಅಮ್ಮನ ಕಣ್ಣು ಮಂದವಾದ ಮೇಲೆ ಈ ಕನ್ನಡಕದ ಕೋಣೆ. "ಏ, ನೀರು ನಿಂತಿದೆ!" ಎಂದು ಚಾಳೀಸು ಕೂಗಿದ. ಚಕ್ರ ಒಣಗಿ, ಗಾಜಿನ ಅಂಚು ಸುಟ್ಟ ವಾಸನೆ ಬಂದಿತ್ತು. "ಹೋಗು ಮನೆಗೆ. ನಿನ್ನ ಕಣ್ಣಿಲ್ಲಿದೆ, ನೋಟ ಎಲ್ಲೋ ಇದೆ. ಇವತ್ತು ನೀನಿದ್ರೆ ಊರಿಗೆಲ್ಲ ನೆಲ ಓರೆ."

ದಾರಿಯುದ್ದಕ್ಕೂ ಬಿಸಿಲು ಅಂಗಡಿಗಳ ಗಾಜಿನಿಂದ ಗಾಜಿಗೆ ಹಾರುತ್ತಿತ್ತು. ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವಾಕೆಯೊಬ್ಬರು ಹೇಳಿದ್ದರು: ಹಗಲಿನ ತರಬೇತಿಗೆ ಸೇರಿಸಿಕೊಳ್ಳುತ್ತೇನೆ, ಆ ಎಮ್ಯುಲೇಟರ್ ಮುಗಿಸಿ ತಂದು ತೋರಿಸು, ಶಾಲೆಯ ಕಾಗದ ಬೇಡ. ಹಗಲೆಲ್ಲ ಅಂದರೆ ಅಮ್ಮನನ್ನು ಯಾರು ನೋಡಿಕೊಳ್ಳುವುದು? ಪಕ್ಕದ ಮನೆಯಾಕೆ ಮಧ್ಯಾಹ್ನದ ತನಕ ಕೂರುತ್ತಾಳೆ, ಅದೂ ಮುಖ ಸಿಂಡರಿಸಿಕೊಂಡು. ಅಮ್ಮ ಅಕ್ಕನ ಜೊತೆ ಹೋದರೆ? ಖಾಲಿ ಕೋಣೆಯನ್ನು, ಮಡಿಸಿಟ್ಟ ಹಾಸಿಗೆಯನ್ನು, ಕೂದಲನ್ನು ತನ್ನಂತೆಯೇ ಇಳಿಬಿಟ್ಟುಕೊಂಡು ಕೂತ ತನ್ನನ್ನು ಅವಳು ಕಣ್ಣಾರೆ ಕಂಡಳು. ಎದೆ ಹಿಗ್ಗಿತು. ಹಿಗ್ಗಿದ್ದು ಗೊತ್ತಾಗುತ್ತಲೇ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದಳು. ಅಮ್ಮ ನಿಜವಾದ ದೊರೆಯನ್ನು ಕಂಡ ಕೂಡಲೇ ಗುರುತು ಹಿಡಿಯುತ್ತಾಳೆ. ಹಿಡಿದು, ಇವಳ ಕಡೆ ತಿರುಗಿ, ಹಾಗಾದರೆ ಇಷ್ಟು ದಿನ ಇದ್ದವಳು ಯಾರು ಎಂದು ಕೇಳುತ್ತಾಳೆ. ಕೇಳಲಿ. ಕೇಳಿದರೆ ಆ ಒಂದು ಗಳಿಗೆಗಾದರೂ ಅಮ್ಮನ ಎದುರು ತಾನೇ ನಿಂತಿರುತ್ತೇನೆ. ಹೋಗಲಿ, ಕಳ್ಳಿಯಾಗಿಯಾದರೂ.

ಅಕ್ಕ ಆಗಲೇ ಬಂದು ಮೆಟ್ಟಿಲ ಬಳಿ ಚೀಲ ಇಟ್ಟುಕೊಂಡು ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ದಪ್ಪಗಾಗಿದ್ದಳು, ಕೂದಲು ಕತ್ತರಿಸಿದ್ದಳು, ಎತ್ತಿ ಕಟ್ಟಲು ಏನೂ ಉಳಿದಿರಲಿಲ್ಲ. "ಬಾರೇ ಕೈಲೊಂದು, ನೀನು ಬರಲಿ ಅಂತ ಕಾದೆ. ಒಬ್ಬಳೇ ಹೋಗೋಕೆ ಯಾಕೋ ಭಯ" ಎಂದು ನಕ್ಕಳು. ಆ ನಗೆ ಅದೇ ಕಿಟಕಿಯಾಚೆಯ ನಗೆ, ಆದರೆ ಕೊನೆಗೆ ನಡುಗಿತು. "ಅಕ್ಕ, ನಿನಗೊಂದು ಹೇಳ್ಬೇಕು" ಎಂದಳು ಇವಳು. "ಆಮೇಲೆ ಹೇಳೇ, ಮೊದಲು ಅವಳ ಮುಖ ನೋಡ್ತೀನಿ." ಪಕ್ಕದ ಮನೆಯಾಕೆ ಬಾಗಿಲು ತೆರೆದು, ಇಬ್ಬರನ್ನೂ ಮೇಲಿಂದ ಕೆಳಗೆ ಅಳೆದು, "ಇನ್ನು ನಾನು ಹೊರಟೆ ತಾಯಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಸೀರೆಯ ಸೆರಗಿನಿಂದ ಇಲ್ಲದ ದಾರ ಹಿರಿಯುತ್ತಿದ್ದಳು. ತಲೆಯೆತ್ತಿದಳು. ಕಣ್ಣು ಅಕ್ಕನ ಮೇಲೆ ಜಾರಿ ಇವಳ ಮೇಲೆ ನಿಂತಿತು. "ದೊರೆ, ಬಂದ್ಯಾ?" ಅಕ್ಕ ಮುಂದೆ ಬಂದು ಮಂಡಿಯೂರಿ, "ಅಮ್ಮಾ, ನಾನು..." ಎಂದಳು. ಅಮ್ಮ ಅವಳ ಮುಖವನ್ನು ಬಟ್ಟೆಯ ನೇಯ್ಗೆ ನೋಡುವಂತೆ ಹತ್ತಿರದಿಂದ ನೋಡಿದಳು. "ಅಯ್ಯೋ, ಕೈಲೊಂದು! ಎಲ್ಲಿ ಹೋಗಿದ್ದೆಯೇ ಇಷ್ಟು ದಿನ? ಏನೇ ಹೀಗೆ ಊದಿಕೊಂಡಿದೀಯ? ದೊರೆ, ನೋಡೇ, ನಮ್ಮ ಕೈಲೊಂದು ಬಂದಿದಾಳೆ." ಅಕ್ಕ ತಿರುಗಿ ಇವಳನ್ನು ನೋಡಿದಳು, ನೋಟದಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಎಲ್ಲ ಒಂದೇ ಸಲಕ್ಕೆ ಅರ್ಥವಾಗಿತ್ತು ಅವಳಿಗೆ. ಯಾವತ್ತೂ ಜಾಣೆ.

ಅಮ್ಮ ಅಕ್ಕನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈ ಸವರತೊಡಗಿದಳು. "ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕಿತ್ತು ಕಣೇ. ನೀನು ಸಿಕ್ಕೋದೇ ಇಲ್ಲ." ದನಿ ಇಳಿದಿತ್ತು, ವರ್ಷದಿಂದ ಕೇಳಿರದಷ್ಟು ನೆಟ್ಟಗಿತ್ತು. "ನಿನಗೆ ತಲೆ ಇರಲಿಲ್ಲ ಅಂತಲ್ಲ ನಾನು ಬಿಡಿಸಿದ್ದು. ಮೇಡಂ ಮನೆತನಕ ಬಂದು ಹೇಳಿದ್ರು, ಓದೋದ್ರಲ್ಲಿ ಇಬ್ಬರಲ್ಲಿ ಇವಳೇ ಮುಂದು, ಬಿಡಿಸಬೇಡಿ ಅಂತ. ಏನು ಮಾಡ್ಲಿ, ನನಗೆ ಕೈಗೊಂದು ಕೈ ಬೇಕಿತ್ತು. ದೊರೆಗೆ ಸೂಜಿ ಹಿಡಿಯೋಕೇ ಬರಲ್ಲ. ದಡ್ಡಿ ಅಂದ್ರೆ ತಾನೇ ನೀನು ಸುಮ್ಮನೆ ಕೂರೋದು? ಅದಕ್ಕೇ ಅಂದೆ. ದಿನಾ ಅಂದೆ. ಬೇಜಾರಾ ನಿನಗೆ?"

ಇವಳು ಬಾಗಿಲಿಗೆ ಒರಗಿ ನಿಂತಿದ್ದಳು. ಕೈಮೇಲೆ ಒಣಗಿದ ಗಾಜಿನ ಪುಡಿ ತುರಿಸುತ್ತಿತ್ತು. ಆ ಮಾತು ತನ್ನದು. ಬರಬೇಕಾದ ವಿಳಾಸಕ್ಕೆ ಬಂದಿತ್ತು, ತನಗೆ ಮೂರು ಹೆಜ್ಜೆ ಆಚೆ ಬೇರೊಬ್ಬಳ ಅಂಗೈಯಲ್ಲಿ ಬಿದ್ದಿತ್ತು. ಮುಂದೆ ಹೋಗಿ, ಅಮ್ಮಾ, ಕೈಲೊಂದು ನಾನು, ನನ್ನ ಕಡೆ ನೋಡಿ ಇನ್ನೊಂದು ಸಲ ಹೇಳು ಎನ್ನಬೇಕು. ಹಾಗೆಂದರೆ ಅಮ್ಮ, ನೀನ್ಯಾರೋ ಏನೋ ಎನ್ನುತ್ತಾಳೆ. ಅಥವಾ ಎನ್ನದೆ ಹೋದರೆ? ಬೇಜಾರಾ ಎಂದು ತನ್ನನ್ನೇ ಕೇಳಿದರೆ ತಾನು ಏನು ಹೇಳುತ್ತಿದ್ದೆ? ಹೌದು ಎನ್ನುತ್ತಿದ್ದೆ. ಹೌದು ಎಂದ ಮೇಲೆ ಏನಾಗುತ್ತಿತ್ತೋ ಆಗಲಿ, ಹೌದು ಎನ್ನುತ್ತಿದ್ದೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ತಲೆ ತಗ್ಗಿಸಿ, ಕೆಳತುಟಿಯನ್ನು ಒಳಗೆಳೆದುಕೊಂಡು, ಕೇಳಿಯೂ ಕೇಳದಂಥ ದನಿಯಲ್ಲಿ, "ಇಲ್ಲಮ್ಮ. ಬೇಜಾರೇನಿಲ್ಲ. ಹೋಗಲಿ ಬಿಡು" ಎಂದಳು. ಆ ತಲೆ ತಗ್ಗಿಸುವಿಕೆ, ಆ ತುಟಿ, ಇವಳವೇ. ಅಕ್ಕ ಯಾವಾಗ ನೋಡಿ ಕಲಿತಿದ್ದಳೋ. ಹೆಗಲ ಹಿಂದೆ ನಿಂತು ತಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದಳು ಇವಳು. ಅಮ್ಮ ನಿಟ್ಟುಸಿರು ಬಿಟ್ಟು ಅಕ್ಕನ ಅಂಗೈ ಮುಚ್ಚಿದಳು. "ಸದ್ಯ. ಎದೆ ಮೇಲಿನ ಕಲ್ಲು ಇಳೀತು." ಆಮೇಲೆ, ಬಾಗಿಲ ಕಡೆ ನೋಡಿ, "ದೊರೆ, ಪಾಪ ಅದಕ್ಕೆ ಟೀ ಮಾಡಿ ಕೊಡು" ಎಂದಳು.

ಅಡುಗೆಮನೆಯಲ್ಲಿ ಅಕ್ಕ ಹಿಂದೆಯೇ ಬಂದು ನಿಂತಳು. ಒಲೆಯ ಮೇಲೆ ನೀರು ಕುದಿಯುವವರೆಗೆ ಇಬ್ಬರೂ ಅದನ್ನೇ ನೋಡಿದರು. "ಎಷ್ಟು ದಿನದಿಂದ?" ಎಂದಳು ಅಕ್ಕ. "ತುಂಬ ದಿನ." "ಹೇಳಬಾರದಿತ್ತಾ?" "ಊಟ ಮಾಡ್ತಿರಲಿಲ್ಲ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜವಾಗಿಯೂ ಅಳುತ್ತಿದ್ದಳು, ಅಳುವಿನ ಅಡಿಯಲ್ಲಿ ಏನೋ ಸಡಿಲವಾಗುತ್ತಿರುವುದೂ ಕಾಣುತ್ತಿತ್ತು. ಪರದೆಯ ಸಂದಿಯಿಂದ ನೋಡಿ ಅಭ್ಯಾಸವಿದ್ದ ಕಣ್ಣಿಗೆ ಅದು ತಪ್ಪಲಿಲ್ಲ. ಸಂಜೆ ಒಂದು ಸಲ, ಹೊರಡುವ ಮುಂಚೆ ಇನ್ನೊಂದು ಸಲ, ಅಕ್ಕ ಅಮ್ಮನನ್ನು ಕರೆದಳು. "ನನ್ನ ಜೊತೆ ಬರ್ತೀಯೇನಮ್ಮ, ನಾಲ್ಕು ದಿನ ಇದ್ದು ಬರುವಿಯಂತೆ?" "ನಿನ್ನ ಜೊತೆ ಯಾಕೆ? ನನ್ನ ದೊರೆ ಇಲ್ಲೇ ಇದಾಳಲ್ಲ" ಎಂದು ಅಮ್ಮ ಇವಳ ಸೆರಗು ಹಿಡಿದುಕೊಂಡಳು. ಮೆಟ್ಟಿಲ ಬಳಿ ಅಕ್ಕ ಚೀಲವನ್ನು ಹೆಗಲಿಗೇರಿಸುತ್ತ, "ನಿನ್ನ ಜೊತೆ ಚೆನ್ನಾಗೇ ಇದಾಳೆ ಕಣೇ. ಕಿತ್ತು ನೆಟ್ಟರೆ ಬಾಡ್ತಾಳೆ" ಎಂದಳು. ಎರಡು ಮೆಟ್ಟಿಲು ಇಳಿದು ತಿರುಗಿದಳು. "ನಿಜ ಹೇಳು. ನಿನಗೆ ಬೇಜಾರಿಲ್ಲ ತಾನೇ?"

"ನೀನೇ ಹೇಳಿಬಿಟ್ಟೆಯಲ್ಲಕ್ಕ."

ಅಕ್ಕ ಒಂದು ಗಳಿಗೆ ನಿಂತು, ಅದು ಜೋಕೋ ಅಲ್ಲವೋ ತಿಳಿಯದೆ, ಅರ್ಧ ನಕ್ಕು ಇಳಿದುಹೋದಳು. ಹಿಮ್ಮಡಿ ಸದ್ದೇ ಇರಲಿಲ್ಲ. ಯಾವಾಗಿನಿಂದ ಅಕ್ಕ ಇಷ್ಟು ಮೆಲ್ಲಗೆ ನಡೆಯತೊಡಗಿದಳು? ಹಾಗಾದರೆ ತಾನು ದಿನವೂ ಬಡಿಯುವ ಹಿಮ್ಮಡಿ ಯಾರದು?

ಅಮ್ಮನಿಗೆ ತುತ್ತು ಹಾಕಿ, ಬಾಯೊರೆಸಿ, ಅವಳು ಲ್ಯಾಪ್‌ಟಾಪ್ ತೆರೆದಳು. ಬೇರೇನು ಮಾಡಬೇಕೆಂದು ತಿಳಿಯದೆ ತೆರೆದದ್ದು. ಕೂಡುವ ಅಪ್ಪಣೆಗೆ ತಾನು ಬರೆದ ಸಾಲುಗಳನ್ನು ಮೇಲಿಂದ ಓದಿದಳು. ಆ ಹಳೆಯ ಯಂತ್ರಕ್ಕೆ ಹತ್ತರ ಲೆಕ್ಕ ತಿಳಿಯದು, ಅದರ ಒಂದು ಮನೆ ತುಂಬಲು ಹದಿನಾರು ಬೇಕು. ಮನುಷ್ಯರಿಗೆ ತೋರಿಸುವ ಮುಂಚೆ ಅದನ್ನು ಹತ್ತರ ಲೆಕ್ಕಕ್ಕೆ ತಿದ್ದಬೇಕು. ತಿದ್ದುವ ಅಪ್ಪಣೆ ಒಂದು ಚಿಕ್ಕ ಗುರುತನ್ನು ನೋಡಿ ತಿದ್ದುತ್ತದೆ: ಕೂಡುವಾಗ ಬಿಡಿಯ ಮನೆಯಿಂದ ಕೈಗೆ ಒಂದು ಬಂದಿತ್ತೇ ಇಲ್ಲವೇ. ಆ ಗುರುತನ್ನು ಅವಳು ಶುರುವಿನಲ್ಲೇ ಸೊನ್ನೆ ಎಂದು ಬರೆದು ಬಿಟ್ಟಿದ್ದಳು. ಅದಿಲ್ಲದೆಯೂ ಆಟ ಓಡುತ್ತಿತ್ತು, ಹಣ್ಣು ಬೀಳುತ್ತಿತ್ತು, ಆಮೇಲೆ ನೋಡಿದರಾಯಿತು ಎಂದುಕೊಂಡು ಮರೆತಿದ್ದಳು. ಹದಿನೈದರವರೆಗೆ ಅದು ಯಾರಿಗೂ ಬೇಕಾಗುವುದಿಲ್ಲ. ಎಂಟೂ ಎಂಟೂ ಕೂಡುವಾಗ ಮಾತ್ರ, ಎಲ್ಲೂ ಬರೆಯದೆ ಕೈಯಲ್ಲಿ ಹಿಡಿದ ಆ ಒಂದನ್ನು ಯಾರಾದರೂ ಕೇಳಬೇಕು. ತಿದ್ದಿದಳು. ಒಂದೇ ಸಾಲು. ಆಟ ಓಡಿಸಿದಳು. ಎಂಟು. ಹದಿನಾರು. ಇಪ್ಪತ್ತನಾಲ್ಕು.

ಅವಳು ತನ್ನ ಬಲಗೈ ಬಿಚ್ಚಿ ನೋಡಿಕೊಂಡಳು. ತೊಳೆದಿದ್ದರೂ ಗೆರೆಗಳಲ್ಲಿ ಬಿಳಿ ಉಳಿದಿತ್ತು.

ಅಮ್ಮ ಯಾವಾಗಲೋ ಎದ್ದು ಬಂದು ಹೆಗಲ ಹಿಂದೆ ನಿಂತಿದ್ದಳು. ಪರದೆಯ ಬೂದು ಬೆಳಕು ಅವಳ ಮುಖಕ್ಕೆ ಹತ್ತಿತ್ತು. ಬುಟ್ಟಿಯ ಮನುಷ್ಯ ಓಡಿದತ್ತ ಕಣ್ಣೂ ಓಡುತ್ತಿತ್ತು. "ಚೆನ್ನಾಗಿ ಆಡ್ತೀಯ ದೊರೆ" ಎಂದಳು, ತಲೆ ಸವರಿದಳು. ಆ ಕೈ ಬಿಸಿಯಾಗಿತ್ತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬಾಗಿ, ಕಿವಿಯಲ್ಲಿ ಹೇಳಿದಳು: "ಚಿಕ್ಕೋಳಿಗೆ ಮುಟ್ಟೋಕೆ ಬಿಡಬೇಡ. ಕೆಡಿಸ್ತಾಳೆ."

"ಇಲ್ಲ ಕಣೇ" ಎಂದಳು ಅವಳು. "ಬಿಡಲ್ಲ."